ರೋಗಿಗೆ ಕೊಡುವ ಚಿಕ್ಕ ಪ್ರಶ್ನಾವಳಿ ಸರಿಯಾಗಿ ಅಳೆಯುತ್ತದಾ? ಪರೀಕ್ಷಿಸುವ ಬಗೆ

ಒಂದೇ ಹಾಳೆಯ ಪ್ರಶ್ನಾವಳಿಗಳು ಈಗ ಆಸ್ಪತ್ರೆಯ ಬಹಳ ಕಡೆ ಕಾಣಸಿಗುತ್ತವೆ. ಖಿನ್ನತೆಗೆ ಪಿಎಚ್‌ಕ್ಯೂ-9, ಆತಂಕಕ್ಕೆ ಜಿಎಡಿ-7, ಮನಸ್ಸಿನ ನೆಮ್ಮದಿಗೆ ಡಬ್ಲ್ಯುಎಚ್‌ಒ-5, ಬಾಣಂತಿಯರಿಗೆ ಎಡಿನ್‌ಬರ್ಗ್ ಸ್ಕೇಲ್, ಒಟ್ಟು ಆರೋಗ್ಯಕ್ಕೆ ಇಕ್ಯೂ-5ಡಿ. ಐದು ನಿಮಿಷದಲ್ಲಿ ತುಂಬಿಸಬಹುದು. ಕೂಡಿಸಿದರೆ ಒಂದು ಸಂಖ್ಯೆ ಬರುತ್ತದೆ. ಆ ಸಂಖ್ಯೆ ನೋಡಿ ಒಬ್ಬರನ್ನು ಸೈಕಿಯಾಟ್ರಿ ಒಪಿಡಿಗೆ ಕಳಿಸುತ್ತೇವೆ, ಇನ್ನೊಬ್ಬರನ್ನು ಮನೆಗೆ ಕಳಿಸುತ್ತೇವೆ. ಅಂದ ಮೇಲೆ ಆ ಸಂಖ್ಯೆಯನ್ನು ಎಷ್ಟು ನಂಬಬಹುದು ಎಂದು ನೋಡಲೇಬೇಕು, ಅಲ್ವಾ?

ಥೀಸಿಸ್ ಮಾಡುವವರ ಜೊತೆ ಕೂತು ಲೆಕ್ಕ ನೋಡುವುದು ನನ್ನ ಕೆಲಸ. ಮಂಗಳೂರು, ಉಡುಪಿ ಕಡೆಯ ಪಿಜಿ ವಿದ್ಯಾರ್ಥಿಗಳು, ನರ್ಸಿಂಗ್ ಮತ್ತು ಫಿಸಿಯೋಥೆರಪಿಯವರು, ಹಳ್ಳಿಗಳಲ್ಲಿ ಸರ್ವೆ ಮಾಡಿಸುವವರು, ಎಲ್ಲರ ಬರಹದಲ್ಲೂ ಒಂದು ಸಾಲು ಕಾಣುತ್ತದೆ: "ವ್ಯಾಲಿಡೇಟ್ ಆದ ಪ್ರಶ್ನಾವಳಿಯನ್ನು ಬಳಸಲಾಗಿದೆ." ವ್ಯಾಲಿಡೇಟ್ ಅಂದರೆ ಅಳೆಯಬೇಕಾದ್ದನ್ನೇ ಅಳೆಯುತ್ತದಾ ಎಂದು ಪರೀಕ್ಷಿಸಿ ನೋಡಿದ್ದು. ಯಾರ ಮೇಲೆ ವ್ಯಾಲಿಡೇಟ್ ಆಗಿದೆ? ಯಾವ ಭಾಷೆಯಲ್ಲಿ? ಯಾವ ಕೆಲಸಕ್ಕೆ? ಆ ಸಾಲು ಇದನ್ನೆಲ್ಲ ಹೇಳುವುದಿಲ್ಲ. ಪ್ರಶ್ನಾವಳಿಗೆ ಒಮ್ಮೆ ಮುದ್ರೆ ಬಿದ್ದರೆ ಎಲ್ಲ ಕಡೆಗೂ, ಎಲ್ಲ ಕಾಲಕ್ಕೂ ಸಾಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಉಂಟು. ಈ ಲೇಖನ ಅದಕ್ಕಾಗಿ. ಇಲ್ಲಿ ಹೆಚ್ಚಾಗಿ ಪಿಎಚ್‌ಕ್ಯೂ-9 ಉದಾಹರಣೆಯನ್ನೇ ತೆಗೆದುಕೊಳ್ಳುತ್ತೇನೆ. ಆದರೆ ಕ್ರಮ ಯಾವ ಪ್ರಶ್ನಾವಳಿಗೂ ಇದೇ.

ಮೊದಲು ಒಂದು ವಾಕ್ಯ ಬರೆಯಿರಿ

ಕಂಪ್ಯೂಟರ್ ತೆರೆಯುವ ಮೊದಲು ಹಾಳೆಯಲ್ಲಿ ಒಂದು ವಾಕ್ಯ ಬರೆಯಿರಿ. ಏನನ್ನು ಅಳೆಯಬೇಕು, ಯಾರಲ್ಲಿ ಅಳೆಯಬೇಕು, ಸ್ಕೋರ್ ಬಂದ ಮೇಲೆ ಅದರಿಂದ ಏನು ಮಾಡುತ್ತೀರಿ. ಉದಾಹರಣೆಗೆ: "ಸಕ್ಕರೆ ಕಾಯಿಲೆಯ ಒಪಿಡಿಗೆ ಬರುವ, ಮನೆಯಲ್ಲಿ ತುಳು ಮಾತನಾಡುವ ದೊಡ್ಡವರಲ್ಲಿ, ಖಿನ್ನತೆ ಇರಬಹುದಾದವರನ್ನು ಹುಡುಕಿ ಸೈಕಿಯಾಟ್ರಿಗೆ ಕಳಿಸಲಿಕ್ಕೆ."

ಮೂರನೆಯ ಭಾಗವನ್ನು ಹೆಚ್ಚಿನವರು ಬರೆಯುವುದೇ ಇಲ್ಲ. ಆದರೆ ಮುಂದಿನದ್ದೆಲ್ಲ ಅದರ ಮೇಲೆ ನಿಂತಿದೆ. ರೋಗ ಇರುವವರನ್ನು ಹುಡುಕುವುದು ಒಂದು ಕೆಲಸ. ಚಿಕಿತ್ಸೆಯಿಂದ ಒಬ್ಬರು ಸುಧಾರಿಸಿದರಾ ಎಂದು ನೋಡುವುದು ಬೇರೆ ಕೆಲಸ. ಎರಡು ಗುಂಪುಗಳ ಸರಾಸರಿ ಹೋಲಿಸುವುದು ಮೂರನೆಯದು. ಒಂದಕ್ಕೆ ಚೆನ್ನಾಗಿರುವ ಪ್ರಶ್ನಾವಳಿ ಇನ್ನೊಂದಕ್ಕೆ ಸೋಲಬಹುದು.

ಆಮೇಲೆ ಪ್ರಶ್ನಾವಳಿಯ ಮೂಲ ಪ್ರತಿ ಹುಡುಕಿ. ಯಾರದೋ ಹಳೆಯ ಥೀಸಿಸ್‌ನಿಂದ ಜೆರಾಕ್ಸ್ ಮಾಡಿದ್ದು ಬೇಡ. ಅಂಥ ಪ್ರತಿಗಳಲ್ಲಿ ಒಂದು ಪ್ರಶ್ನೆ ಬಿಟ್ಟುಹೋಗಿರುವುದು, ಉತ್ತರದ ಆಯ್ಕೆಗಳು ಬದಲಾಗಿರುವುದು ಉಂಟು. ಅನುಮತಿಯನ್ನೂ ನೋಡಿಕೊಳ್ಳಿ. ಪಿಎಚ್‌ಕ್ಯೂ-9 ಮತ್ತು ಜಿಎಡಿ-7 ಉಚಿತ, ಅನುಮತಿ ಕೇಳುವ ಅಗತ್ಯವಿಲ್ಲ. ಇಕ್ಯೂ-5ಡಿಗೆ ಯೂರೋಕೋಲ್ ಸಂಸ್ಥೆಯಲ್ಲಿ ಮೊದಲೇ ನೋಂದಣಿ ಮಾಡಬೇಕು.

ಸ್ಕೋರ್ ಹಾಕುವ ನಿಯಮವನ್ನು ಕೈಯಾರೆ ಒಮ್ಮೆ ಮಾಡಿ ನೋಡಿ. ಪಿಎಚ್‌ಕ್ಯೂ-9ರಲ್ಲಿ ಕಳೆದ ಎರಡು ವಾರದ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 0ರಿಂದ 27. ಕೊನೆಯಲ್ಲಿ ದಿನನಿತ್ಯದ ಕೆಲಸಕ್ಕೆ ಎಷ್ಟು ತೊಂದರೆಯಾಗಿದೆ ಎಂಬ ಹತ್ತನೆಯ ಪ್ರಶ್ನೆ ಇದೆ. ಅದನ್ನು ಒಟ್ಟು ಸ್ಕೋರಿಗೆ ಸೇರಿಸುವುದಿಲ್ಲ. ಡಬ್ಲ್ಯುಎಚ್‌ಒ-5ರಲ್ಲಿ ಉಲ್ಟಾ: ಜಾಸ್ತಿ ಸ್ಕೋರ್ ಅಂದರೆ ಒಳ್ಳೆಯ ಸ್ಥಿತಿ. 0ರಿಂದ 25 ಬಂದದ್ದನ್ನು 4ರಿಂದ ಗುಣಿಸಿ 100ಕ್ಕೆ ತರುತ್ತಾರೆ. ಇವೆರಡನ್ನೂ ಒಂದೇ ಎಕ್ಸೆಲ್ ಹಾಳೆಯಲ್ಲಿ ಹಾಕುವಾಗ ದಿಕ್ಕು ತಪ್ಪದ ಹಾಗೆ ನೋಡಿಕೊಳ್ಳಿ.

ರೋಗಿಗಳ ಜೊತೆ ಕೂರಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಇದಕ್ಕೆ ಸಾಫ್ಟ್‌ವೇರ್ ಬೇಡ, ದುಡ್ಡೂ ಹೆಚ್ಚು ಬೇಡ. ಆದರೂ ಬಿಟ್ಟುಬಿಡುವುದು ಇದನ್ನೇ. ಅಳತೆಯ ಗುಣ ನೋಡಲಿಕ್ಕೆ ಜಗತ್ತಿನಲ್ಲಿ ಹೆಚ್ಚು ಬಳಸುವ ಕಾಸ್ಮಿನ್ ಮಾರ್ಗಸೂಚಿ 2018ರಲ್ಲಿ ಹೊಸ ರೂಪದಲ್ಲಿ ಬಂತು. ಅದರಲ್ಲೂ ಕಂಟೆಂಟ್ ವ್ಯಾಲಿಡಿಟಿಗೇ ಮೊದಲ ಸ್ಥಾನ. ಅಂದರೆ ಮೂರು ಪ್ರಶ್ನೆ: ಕೇಳಿದ್ದು ಈ ಜನರಿಗೆ ಸಂಬಂಧಪಟ್ಟಿದೆಯಾ? ಮುಖ್ಯವಾದದ್ದು ಏನಾದರೂ ಬಿಟ್ಟುಹೋಗಿದೆಯಾ? ಕೇಳಿದ್ದು ಅವರಿಗೆ ಅರ್ಥವಾಗುತ್ತದಾ?

ನಮ್ಮಲ್ಲಿ ಇದಕ್ಕೆ ಬದಲು ಏನು ಮಾಡುತ್ತೇವೆ? ಫಾರ್ಮನ್ನು ಐದಾರು ಪ್ರೊಫೆಸರ್‌ಗಳಿಗೆ ಕಳಿಸುತ್ತೇವೆ, ಅವರು ಟಿಕ್ ಹಾಕಿ ಸಹಿ ಮಾಡುತ್ತಾರೆ, ಒಂದು ಇಂಡೆಕ್ಸ್ ಬರುತ್ತದೆ. ತಜ್ಞರ ಅಭಿಪ್ರಾಯ ಬೇಕು, ಅನುಮಾನ ಇಲ್ಲ. ಆದರೆ ಪ್ರಶ್ನೆಗೆ ಉತ್ತರ ಕೊಡುವವರು ತಜ್ಞರಲ್ಲ. ರೋಗಿ ಏನೆಂದು ತಿಳಿದುಕೊಂಡರು ಎನ್ನುವುದು ರೋಗಿಯನ್ನು ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಹೀಗೆ ಮಾಡಿ. ಕನಿಷ್ಠ 7 ಮಂದಿಯನ್ನು ಆರಿಸಿ, ಹೆಚ್ಚಾದರೆ ಒಳ್ಳೆಯದು. ಎಲ್ಲರೂ ಒಂದೇ ತರದವರಾದರೆ ಪ್ರಯೋಜನವಿಲ್ಲ. ಬಂದರಿನ ದಕ್ಕೆಯಲ್ಲಿ ಮೀನು ವಿಂಗಡಿಸುವವರು ಒಬ್ಬರು, ಬೀಡಿ ಕಟ್ಟುವವರು ಒಬ್ಬರು, ಕಾಲೇಜಿಗೆ ಹೋಗುವವರು, ಗಲ್ಫಿನಿಂದ ವಾಪಸ್ ಬಂದವರು, ಮನೆಯಲ್ಲೇ ಇರುವ ಅಜ್ಜಿ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ ಫಾರ್ಮ್ ತುಂಬಿಸಿ. ಪ್ರತಿ ಉತ್ತರದ ನಂತರ ಕೇಳಿ: "ಈ ಪ್ರಶ್ನೆ ಎಂತ ಕೇಳ್ತಾ ಉಂಟು ಅಂತ ನಿಮಗೆ ಅನಿಸ್ತು? ಈ ಉತ್ತರ ಯಾಕೆ ಆರಿಸಿದ್ರಿ?" ಅವರ ಮಾತನ್ನು ಅವರು ಹೇಳಿದ ಹಾಗೇ ಬರೆದುಕೊಳ್ಳಿ. ತಿದ್ದಬೇಡಿ, ವಿವರಿಸಬೇಡಿ.

ನಿದ್ದೆಯ ಪ್ರಶ್ನೆಗೆ ಇಂಥ ಉತ್ತರ ಬರಬಹುದು: "ನಿದ್ದೆ ಎಲ್ಲಿಂದ ಬರ್ಬೇಕು ಮೇಡಂ, ಬೆಳಿಗ್ಗೆ ಮೂರು ಗಂಟೆಗೆ ದಕ್ಕೆಯಲ್ಲಿ ಇರ್ಬೇಕಲ್ಲ." ಅವರು 3ಕ್ಕೆ ಟಿಕ್ ಹಾಕಿದ್ದಾರೆ. ಆದರೆ ಆ 3 ಖಿನ್ನತೆಯದ್ದಲ್ಲ, ಕೆಲಸದ ಹೊತ್ತಿನದ್ದು. ಸುಸ್ತಿನ ಪ್ರಶ್ನೆಗೂ ಅದೇ ಕಥೆ. ಇಂಥವರು ಎರಡೇ ಪ್ರಶ್ನೆಯಲ್ಲಿ 6 ಅಂಕ ಪಡೆದು, ಇನ್ನು ನಾಲ್ಕು ಅಂಕ ಬಂದರೆ ಕಟ್‌ಆಫ್ (ಖಿನ್ನತೆ ಇರಬಹುದು ಎಂದು ಎಣಿಸುವ ಗೆರೆ) ಆದ 10ನ್ನು ಮುಟ್ಟುತ್ತಾರೆ.

ಗರ್ಭಿಣಿಯರಲ್ಲಿ ಈ ತೊಂದರೆ ಇನ್ನೂ ಸ್ಪಷ್ಟ. ಲೇಡಿ ಗೋಷನ್‌ನಂಥ ಹೆರಿಗೆ ಆಸ್ಪತ್ರೆಗೆ ಎಂಟು ತಿಂಗಳು ತುಂಬಿ ಬಂದವರನ್ನು ಕೇಳಿದರೆ ನಿದ್ದೆ ಸರಿ ಇಲ್ಲ, ಸುಸ್ತು, ಊಟ ಸೇರುವುದಿಲ್ಲ ಎಂದೇ ಹೇಳುತ್ತಾರೆ. ಅದು ಬಸಿರಿನ ಲಕ್ಷಣ. 1987ರಲ್ಲಿ ಬಂದ ಎಡಿನ್‌ಬರ್ಗ್ ಸ್ಕೇಲ್‌ನಲ್ಲಿ ಸುಸ್ತು, ಹಸಿವಿನಂಥ ದೇಹದ ಲಕ್ಷಣಗಳನ್ನು ಬೇಕೆಂದೇ ದೂರ ಇಟ್ಟಿದ್ದು ಇದೇ ಕಾರಣಕ್ಕೆ. ಅದರಲ್ಲಿ 10 ಪ್ರಶ್ನೆ, ಕಳೆದ 7 ದಿನದ ಬಗ್ಗೆ, ಒಟ್ಟು 30. ಡಯಾಲಿಸಿಸ್, ಕೀಮೋಥೆರಪಿ ವಿಭಾಗದಲ್ಲೂ ಇದೇ ಎಚ್ಚರ ಬೇಕು.

ಇನ್ನೂ ಎರಡು ಕಡೆ ಗಮನ ಇಡಿ. ಒಂದು, ಒಂದೇ ಪ್ರಶ್ನೆಯಲ್ಲಿ ಎರಡು ವಿಷಯ ಇರುವುದು. ನಿದ್ದೆ ಬಾರದಿರುವುದು ಅಥವಾ ಅತಿಯಾಗಿ ನಿದ್ದೆ ಬರುವುದು, ಹಸಿವಿಲ್ಲದಿರುವುದು ಅಥವಾ ಅತಿಯಾಗಿ ತಿನ್ನುವುದು. ಮೊದಲ ಅರ್ಧ ಕೇಳಿಯೇ "ಇಲ್ಲ" ಎಂದುಬಿಡುವವರು ಬಹಳ. ಇನ್ನೊಂದು, ಉತ್ತರದ ಆಯ್ಕೆಗಳು. "ಕೆಲವು ದಿನ", "ಅರ್ಧಕ್ಕಿಂತ ಹೆಚ್ಚು ದಿನ", "ಹೆಚ್ಚುಕಡಿಮೆ ಪ್ರತಿದಿನ" ಇವು ಎಲ್ಲರ ತಲೆಯಲ್ಲೂ ಒಂದೇ ಅಲ್ಲ. ಟಿಕ್ ಹಾಕಿದ ಮೇಲೆ "ಈ 14 ದಿನದಲ್ಲಿ ಸುಮಾರು ಎಷ್ಟು ದಿನ?" ಎಂದು ಕೇಳಿ. ಹತ್ತು ದಿನ ಎಂದವರು "ಕೆಲವು ದಿನ"ಕ್ಕೆ ಟಿಕ್ ಹಾಕಿದ್ದರೆ ಆಯ್ಕೆಗಳು ಕೆಲಸ ಮಾಡುತ್ತಿಲ್ಲ. ಈ ಒಂದು ಪರೀಕ್ಷೆ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ದಯವಿಟ್ಟು ಬಿಡಬೇಡಿ.

ಬಾಯಲ್ಲೇ ಆಗುವ ಅನುವಾದ

ದಕ್ಷಿಣ ಕನ್ನಡ, ಉಡುಪಿ ಎಂಬ ನಮ್ಮ ಎರಡು ಜಿಲ್ಲೆಗಳಿಗೆ ವಿಶೇಷವಾದ ಸಂಗತಿ ಇದು. ಫಾರ್ಮ್ ಕನ್ನಡದಲ್ಲಿ ಇರುತ್ತದೆ. ರೋಗಿಯ ಮನೆಮಾತು ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪುರ ಕನ್ನಡ. 2011ರ ಜನಗಣತಿಯಲ್ಲಿ ಎರಡೂ ಜಿಲ್ಲೆಗಳ ಸಾಕ್ಷರತೆ ಶೇ. 85ಕ್ಕಿಂತ ಮೇಲಿತ್ತು, ಹಾಗಾಗಿ ಕನ್ನಡ ಓದುವವರು ಬಹಳ. ಆದರೆ ಒಪಿಡಿಯ ಗಡಿಬಿಡಿಯಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟು ಬಂದವರಿಗೆ ನಾಲ್ಕು ಕಾಲಮ್ಮಿನ ಕೋಷ್ಟಕ ಓದುವುದು ಕಷ್ಟ. ಆಗ ಸ್ಟಾಫ್ ನರ್ಸ್ ಅಥವಾ ವಿದ್ಯಾರ್ಥಿ ಕನ್ನಡ ನೋಡಿಕೊಂಡು ತುಳುವಿನಲ್ಲಿ ಕೇಳುತ್ತಾರೆ. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ. ಆದರೆ ಬೆಳಿಗ್ಗೆಯ ನರ್ಸ್ ಕೇಳಿದ ರೀತಿ ಬೇರೆ, ಮಧ್ಯಾಹ್ನದವರು ಕೇಳಿದ ರೀತಿ ಬೇರೆ. ಅಂದರೆ ಒಂದೇ ಹೆಸರಿನಲ್ಲಿ ಎರಡು ಪ್ರಶ್ನಾವಳಿ ಬಳಸಿದ ಹಾಗೆ. ಕನ್ನಡ ಪ್ರತಿಯ ಬಗ್ಗೆ ಬಂದ ಯಾವ ಅಂಕಿಯೂ ಇದಕ್ಕೆ ಅನ್ವಯಿಸುವುದಿಲ್ಲ.

ಪರಿಹಾರ ಸರಳ. ತುಳುವಿನಲ್ಲಿ ಕೇಳುವುದೇ ಆದರೆ ತುಳು ಪ್ರತಿಯನ್ನು ಬರೆದಿಡಿ. ಇಲ್ಲಿ ತುಳು, ಕೊಂಕಣಿ, ಬ್ಯಾರಿ ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆಯುವ ರೂಢಿ ಇರುವುದರಿಂದ ಓದಿ ಹೇಳುವವರಿಗೆ ತೊಂದರೆ ಇಲ್ಲ. ಎಲ್ಲರೂ ಬರೆದದ್ದನ್ನೇ ಓದಬೇಕು, ಒಂದು ಮಾತೂ ಸೇರಿಸಬಾರದು.

ಅನುವಾದದ ಕ್ರಮ 2000ದಿಂದ ಹೆಚ್ಚುಕಡಿಮೆ ಎಲ್ಲರೂ ಒಪ್ಪಿದ್ದು. ಇಬ್ಬರು ಬೇರೆ ಬೇರೆಯಾಗಿ ತುಳುವಿಗೆ ತರುತ್ತಾರೆ. ಅವರಲ್ಲಿ ಒಬ್ಬರು ವೈದ್ಯಕೀಯ ಕ್ಷೇತ್ರದ ಹೊರಗಿನವರಾಗಿರಬೇಕು, ಇಲ್ಲದಿದ್ದರೆ ಭಾಷೆ ಡಾಕ್ಟರರ ಭಾಷೆ ಆಗುತ್ತದೆ. ಎರಡನ್ನೂ ಸೇರಿಸಿ ಒಂದು ಮಾಡಬೇಕು. ಮೂಲವನ್ನು ನೋಡದ ಇನ್ನಿಬ್ಬರು ಅದನ್ನು ಮತ್ತೆ ಮೂಲ ಭಾಷೆಗೆ ತರಬೇಕು. ಎಲ್ಲರೂ ಕೂತು ಹೋಲಿಸಿ ಒಪ್ಪಿಗೆಗೆ ಬರಬೇಕು. ಕೊನೆಗೆ 30ರಿಂದ 40 ಜನರ ಮೇಲೆ ಪ್ರಯೋಗ. ಬೆಳ್ತಂಗಡಿಯ ತುಳು, ಉಡುಪಿಯ ತುಳು ಪೂರಾ ಒಂದೇ ಅಲ್ಲ. ಹಾಗಾಗಿ ಪ್ರಯೋಗಕ್ಕೆ ಬೇರೆ ಬೇರೆ ತಾಲೂಕಿನವರನ್ನು ಕರೆಯಿರಿ.

ಪಕ್ಕದಲ್ಲಿ ಯಾರು ಕೂತಿದ್ದಾರೆ ಎನ್ನುವುದೂ ಅಳತೆಯ ಭಾಗವೇ. ಅತ್ತೆ ಬದಿಯಲ್ಲಿ ನಿಂತಿರುವಾಗ ಸೊಸೆ ಬೇಸರದ ಪ್ರಶ್ನೆಗೆ 0 ಎನ್ನುತ್ತಾಳೆ. ಪರದೆ ಎಳೆದ ಒಂದು ಮೂಲೆಯಾದರೂ ಬೇಕು.

ಒಂಬತ್ತನೆಯ ಪ್ರಶ್ನೆಗೆ ಮೊದಲೇ ತಯಾರಿ

ಪಿಎಚ್‌ಕ್ಯೂ-9ರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಪ್ರಶ್ನಾವಳಿಯನ್ನು ಪರೀಕ್ಷಿಸಲಿಕ್ಕೆಂದೇ ಕೊಟ್ಟಿದ್ದರೂ ಇಲ್ಲಿ 0 ಬಿಟ್ಟು ಬೇರೆ ಉತ್ತರ ಬಂದರೆ ಅದೇ ದಿನ, ಅದೇ ಜಾಗದಲ್ಲಿ ಯಾರಾದರೂ ಅವರ ಜೊತೆ ಮಾತನಾಡಬೇಕು. ಫಾರ್ಮುಗಳನ್ನು ಸಂಜೆ ಕಟ್ಟಿಟ್ಟು ವಾರದ ನಂತರ ಎಕ್ಸೆಲ್ಲಿಗೆ ಹಾಕುವ ಪದ್ಧತಿ ಇಲ್ಲಿ ಸಲ್ಲದು. ಯಾರನ್ನು ಕರೆಯಬೇಕು, ಡ್ಯೂಟಿಯಲ್ಲಿರುವ ಡಾಕ್ಟರರ ನಂಬರ್ ಯಾವುದು, ರೋಗಿಯ ಜೊತೆ ಯಾರು ಹೋಗಬೇಕು, ಎಲ್ಲವನ್ನೂ ಎಥಿಕ್ಸ್ ಕಮಿಟಿಗೆ ಕೊಡುವ ಅರ್ಜಿಯಲ್ಲೇ ಬರೆಯಿರಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಸಿಗುತ್ತದೆ, ಕನ್ನಡದಲ್ಲೂ ಮಾತನಾಡುತ್ತಾರೆ. ಅದನ್ನು ಫಾರ್ಮಿನ ಕೆಳಗೆ ದೊಡ್ಡ ಅಕ್ಷರದಲ್ಲಿ ಮುದ್ರಿಸಿ.

ಆಲ್ಫಾ ಬಗ್ಗೆ ಸ್ವಲ್ಪ, ಅಷ್ಟೇ ಸಾಕು

ಈಗ ಲೆಕ್ಕಕ್ಕೆ ಬರೋಣ. ಜಮೋವಿ, ಜಾಸ್ಪ್, ಆರ್ ಎಂಬ ಲೆಕ್ಕದ ಸಾಫ್ಟ್‌ವೇರ್ ಮೂರೂ ಉಚಿತ. ಯಾವುದಾದರೂ ಸಾಕು.

ಎಲ್ಲರೂ ಮೊದಲು ತೆಗೆಯುವುದು ಕ್ರಾನ್‌ಬ್ಯಾಕ್ ಆಲ್ಫಾ. 1951ರಿಂದ ಬಳಕೆಯಲ್ಲಿದೆ. 0.70 ದಾಟಿದರೆ ಸರಿ ಎನ್ನುತ್ತಾರೆ. ಆಲ್ಫಾ ಹೇಳುವುದು ಪ್ರಶ್ನೆಗಳು ಒಂದಕ್ಕೊಂದು ಎಷ್ಟು ಕೂಡಿ ಹೋಗುತ್ತವೆ ಎಂದಷ್ಟೇ. ಅವೆಲ್ಲ ಸೇರಿ ಒಂದೇ ವಿಷಯವನ್ನು ಅಳೆಯುತ್ತಿವೆ ಎಂದು ಆಲ್ಫಾ ಸಾಬೀತು ಮಾಡುವುದಿಲ್ಲ. ಅದಕ್ಕೆ ಫ್ಯಾಕ್ಟರ್ ಅನಾಲಿಸಿಸ್, ಅಂದರೆ ಯಾವ ಪ್ರಶ್ನೆಗಳು ಒಟ್ಟಿಗೆ ಗುಂಪಾಗುತ್ತವೆ ಎಂದು ನೋಡುವ ಲೆಕ್ಕ ಬೇಕು. ಕನಿಷ್ಠ 100 ಜನ ಮತ್ತು ಪ್ರಶ್ನೆಗಳ ಸಂಖ್ಯೆಯ ಏಳು ಪಟ್ಟು, ಎರಡರಲ್ಲಿ ಯಾವುದು ದೊಡ್ಡದೋ ಅಷ್ಟಿರಲಿ. ಪಿಎಚ್‌ಕ್ಯೂ-9 ಕೆಲವು ಅಧ್ಯಯನಗಳಲ್ಲಿ ಒಂದೇ ಗುಂಪಾಗಿ ಬರುತ್ತದೆ. ಕೆಲವು ಕಡೆ ಮನಸ್ಸಿನ ಲಕ್ಷಣ ಒಂದು ಗುಂಪು, ದೇಹದ ಲಕ್ಷಣ ಇನ್ನೊಂದು ಗುಂಪು ಆಗುತ್ತದೆ. ಮೊದಲೇ ಊಹಿಸಿದ ಗುಂಪುಗಳು ಡೇಟಾಕ್ಕೆ ಹೊಂದುತ್ತವಾ ಎಂದು ನೋಡುವ ಕನ್ಫರ್ಮೇಟರಿ ಅನಾಲಿಸಿಸ್ ಮಾಡಿದರೆ, ಆ ಹೊಂದಿಕೆಯ ಅಂಕಿಗಳಾದ ಸಿಎಫ್‌ಐ 0.95ಕ್ಕಿಂತ ಮೇಲೆ ಅಥವಾ ಆರ್‌ಎಂಎಸ್‌ಇಎ 0.06ಕ್ಕಿಂತ ಕೆಳಗೆ ಇದೆಯಾ ನೋಡಿ.

ಆಲ್ಫಾ 0.95 ದಾಟಿದರೆ ಖುಷಿಪಡಬೇಡಿ. ಒಂದೇ ಪ್ರಶ್ನೆಯನ್ನು ಬೇರೆ ಮಾತಿನಲ್ಲಿ ಮತ್ತೆ ಮತ್ತೆ ಕೇಳಿರಬಹುದು. ಇಕ್ಯೂ-5ಡಿಯಂಥದ್ದಕ್ಕೆ ಆಲ್ಫಾ ಕೇಳುವುದೇ ಸರಿಯಲ್ಲ. ಓಡಾಟ, ಸ್ವಂತ ಆರೈಕೆ, ನೋವು ಇವು ಬೇರೆ ಬೇರೆ ವಿಷಯಗಳು, ಒಂದರ ಜೊತೆ ಇನ್ನೊಂದು ಏರಬೇಕೆಂದಿಲ್ಲ. ಇನ್ನೊಂದು ಮಾತು: ಆಲ್ಫಾ ಏರಿಸಲಿಕ್ಕೆ ಒಂದು ಪ್ರಶ್ನೆ ಕಿತ್ತುಹಾಕಬೇಡಿ. ಕಿತ್ತ ಮೇಲೆ ಅದು ಪಿಎಚ್‌ಕ್ಯೂ-9 ಅಲ್ಲ, ಅದರ ಕಟ್‌ಆಫ್ ಕೂಡ ನಿಮ್ಮದಲ್ಲ.

ಎರಡನೆಯ ಸಲ ಕೇಳಿದಾಗ

ರೋಗಿಯ ಸ್ಥಿತಿ ಬದಲಾಗದಿದ್ದರೆ ಸ್ಕೋರ್ ಕೂಡ ಬದಲಾಗಬಾರದು. ಇದನ್ನು ನೋಡಲಿಕ್ಕೆ ಅದೇ ಜನರಿಗೆ ಸ್ವಲ್ಪ ದಿನ ಬಿಟ್ಟು ಮತ್ತೆ ಕೊಡಬೇಕು. 50 ಜನ ಕನಿಷ್ಠ, 100 ಆದರೆ ಒಳ್ಳೆಯದು. ಅಂತರ ಒಂದು ವಾರದಿಂದ ಎರಡು ವಾರ ಇಡುವುದು ರೂಢಿ. ತೀರಾ ಹತ್ತಿರ ಆದರೆ ಹಳೆಯ ಉತ್ತರ ನೆನಪಿರುತ್ತದೆ, ದೂರ ಆದರೆ ಸ್ಥಿತಿಯೇ ಬದಲಾಗುತ್ತದೆ.

ಇಲ್ಲಿ ಊರಿನ ಕ್ಯಾಲೆಂಡರ್ ನೋಡಬೇಕು. ನಮ್ಮ ಕಡಲಿನಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಮಲ್ಪೆಯ ದೋಣಿ ಕಾರ್ಮಿಕರಿಗೆ ಮೇ ಕೊನೆಯಲ್ಲಿ ಫಾರ್ಮ್ ಕೊಟ್ಟು ಜೂನ್ ಮಧ್ಯದಲ್ಲಿ ಮತ್ತೆ ಕೊಟ್ಟರೆ ಅವರ ನಿದ್ದೆ, ದುಡಿಮೆ, ಕೈಯಲ್ಲಿರುವ ಹಣ ಎಲ್ಲ ಬದಲಾಗಿರುತ್ತದೆ. ಸ್ಕೋರ್ ಬದಲಾದರೆ ಅದು ಪ್ರಶ್ನಾವಳಿಯ ದೋಷವಲ್ಲ. ಪರೀಕ್ಷೆಯ ಸಮಯದ ವಿದ್ಯಾರ್ಥಿಗಳೂ ಹಾಗೆಯೇ. ಎರಡನೆಯ ಸಲ "ಕಳೆದ ಸಲಕ್ಕಿಂತ ಈಗ ಹೇಗಿದ್ದೀರಿ?" ಎಂಬ ಒಂದು ಪ್ರಶ್ನೆ ಜಾಸ್ತಿ ಸೇರಿಸಿ, "ಹಾಗೇ ಇದ್ದೇನೆ" ಎಂದವರನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಲೆಕ್ಕಕ್ಕೆ ಐಸಿಸಿ (ಎರಡು ಸಲದ ಸ್ಕೋರ್ ಎಷ್ಟು ಹೊಂದುತ್ತದೆ ಎಂದು ತೋರಿಸುವ ಅಂಕಿ) ಬಳಸಿ, ಅದರಲ್ಲೂ ಸಂಪೂರ್ಣ ಹೊಂದಾಣಿಕೆ ನೋಡುವ ಮಾದರಿ. ಎರಡೂ ಒಟ್ಟಿಗೆ ಏರಿಳಿಯುತ್ತವಾ ಎಂದಷ್ಟೇ ನೋಡುವ ಪಿಯರ್ಸನ್ ಕೋರಿಲೇಶನ್ ಸಾಲದು. ಎರಡನೆಯ ಸಲ ಎಲ್ಲರ ಸ್ಕೋರೂ ಸರಿಯಾಗಿ 3 ಏರಿದರೂ ಪಿಯರ್ಸನ್ 1 ಎಂದೇ ತೋರಿಸುತ್ತದೆ. ಐಸಿಸಿ 0.70 ಅಥವಾ ಮೇಲಿದ್ದರೆ ಒಪ್ಪಬಹುದು.

ಇಲ್ಲಿಗೆ ನಿಲ್ಲಿಸಬೇಡಿ. ವಾರ್ಡಿನಲ್ಲಿ ಉಪಯೋಗಕ್ಕೆ ಬರುವ ಸಂಖ್ಯೆ ಇನ್ನೂ ಮುಂದೆ ಇದೆ. ಬಿಪಿ 128 ಇದ್ದದ್ದು 132 ಆದರೆ ಯಾರೂ ಮಾತ್ರೆ ಬದಲಿಸುವುದಿಲ್ಲ, ಅಷ್ಟು ಹೆಚ್ಚುಕಡಿಮೆ ಅಳತೆಯಲ್ಲೇ ಇರುತ್ತದೆ ಎಂದು ಗೊತ್ತು. ಪ್ರಶ್ನಾವಳಿಗೂ ಅಂಥ ಹೆಚ್ಚುಕಡಿಮೆ ಉಂಟು. ಲೆಕ್ಕ ಹೀಗೆ: 1ರಿಂದ ಐಸಿಸಿ ಕಳೆಯಿರಿ, ಬಂದದ್ದರ ವರ್ಗಮೂಲ ತೆಗೆಯಿರಿ, ಅದನ್ನು ಸ್ಕೋರುಗಳು ಎಷ್ಟು ಹರಡಿವೆ ಎಂದು ತೋರಿಸುವ ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಗುಣಿಸಿ. ಇದು ಅಳತೆಯ ದೋಷ. ಅದನ್ನು 2.77ರಿಂದ ಗುಣಿಸಿದರೆ, ಒಬ್ಬ ವ್ಯಕ್ತಿಯಲ್ಲಿ ನಿಜವಾಗಿ ಬದಲಾವಣೆ ಆಗಿದೆ ಎನ್ನಲಿಕ್ಕೆ ಬೇಕಾದ ಅತಿ ಕಡಿಮೆ ವ್ಯತ್ಯಾಸ ಸಿಗುತ್ತದೆ.

ನಿಮ್ಮಲ್ಲಿ ಐಸಿಸಿ 0.84, ಡೀವಿಯೇಶನ್ 5 ಬಂತು ಎಂದಿಟ್ಟುಕೊಳ್ಳಿ. 0.16ರ ವರ್ಗಮೂಲ 0.4. ಅಳತೆಯ ದೋಷ 2. ಅತಿ ಕಡಿಮೆ ವ್ಯತ್ಯಾಸ 5.5. ಅಂದರೆ ಒಬ್ಬರ ಸ್ಕೋರ್ 14ರಿಂದ 11ಕ್ಕೆ ಇಳಿದರೆ "ಸುಧಾರಿಸಿದ್ದಾರೆ" ಎಂದು ಧೈರ್ಯವಾಗಿ ಹೇಳುವ ಹಾಗಿಲ್ಲ. ಐಸಿಸಿ 0.70 ಆದರೆ ಅದೇ ವ್ಯತ್ಯಾಸ 7.6ಕ್ಕೆ ಏರುತ್ತದೆ. "ಒಪ್ಪಬಹುದು" ಎಂದ 0.70 ಒಬ್ಬ ರೋಗಿಯನ್ನು ಹಿಂಬಾಲಿಸಲಿಕ್ಕೆ ಎಷ್ಟು ಸಡಿಲ ಎಂದು ಇಲ್ಲಿ ಕಾಣುತ್ತದೆ. ಪಿಎಚ್‌ಕ್ಯೂ-9ರಲ್ಲಿ 5 ಅಂಕದ ಬದಲಾವಣೆಯನ್ನು ಚಿಕಿತ್ಸೆಯ ದೃಷ್ಟಿಯಿಂದ ಮಹತ್ವದ್ದು ಎನ್ನುತ್ತಾರೆ. ನಿಮ್ಮ ಅತಿ ಕಡಿಮೆ ವ್ಯತ್ಯಾಸ ಅದಕ್ಕಿಂತ ದೊಡ್ಡದಾದರೆ ಆ 5 ಅಂಕ ಗದ್ದಲದಲ್ಲಿ ಮುಳುಗುತ್ತದೆ. 100 ಜನರ ಗುಂಪಿನ ಸರಾಸರಿ ನೋಡುವಾಗ ಮಾತ್ರ ಇದೇ 5.5ನ್ನು 100ರ ವರ್ಗಮೂಲವಾದ 10ರಿಂದ ಭಾಗಿಸಬೇಕು, ಹತ್ತನೇ ಒಂದರಷ್ಟಾಗುತ್ತದೆ, 0.55. ಹಾಗಾಗಿ ಸರ್ವೆಗೆ ಸರಿಹೋಗುವ ಪ್ರಶ್ನಾವಳಿ ಒಬ್ಬರ ಫಾಲೋಅಪ್‌ಗೆ ಸರಿಹೋಗದೆ ಇರಬಹುದು.

ಕಟ್‌ಆಫ್ ಎಂಬ ಗೆರೆ

ಪಿಎಚ್‌ಕ್ಯೂ-9ರ ಮೂಲ ಅಧ್ಯಯನ 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. 6000 ರೋಗಿಗಳು ಫಾರ್ಮ್ ತುಂಬಿದ್ದರು, 580 ಮಂದಿಯನ್ನು ಮಾನಸಿಕ ಆರೋಗ್ಯದ ತಜ್ಞರು ಪ್ರತ್ಯೇಕವಾಗಿ ಸಂದರ್ಶನ ಮಾಡಿದ್ದರು. 10 ಅಥವಾ ಮೇಲೆ ಎಂಬ ಗೆರೆಯಲ್ಲಿ ಸೆನ್ಸಿಟಿವಿಟಿ ಶೇ. 88, ಸ್ಪೆಸಿಫಿಸಿಟಿ ಶೇ. 88. ಅಂದರೆ ರೋಗ ಇರುವ 100 ಮಂದಿಯಲ್ಲಿ 88 ಮಂದಿಯನ್ನು ಹಿಡಿಯಿತು, ಇಲ್ಲದ 100 ಮಂದಿಯಲ್ಲಿ 88 ಮಂದಿಯನ್ನು ಸರಿಯಾಗಿ ಬಿಟ್ಟಿತು. 2019ರಲ್ಲಿ 58 ಅಧ್ಯಯನಗಳ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗಲೂ ಒಳ್ಳೆಯ ಸಂದರ್ಶನದ ಎದುರು 88 ಮತ್ತು 85 ಬಂತು.

ಒಳ್ಳೆಯ ಅಂಕಿಗಳೇ. ಆದರೆ ನಿಮ್ಮ ಜಾಗದಲ್ಲಿ ಇದರ ಅರ್ಥ ಏನು? ಲೆಕ್ಕ ಹಾಕಿ ನೋಡಿ. ಹಳ್ಳಿಯ ಕ್ಯಾಂಪಿಗೆ 1000 ಜನ ಬಂದರು, ಅವರಲ್ಲಿ 50 ಮಂದಿಗೆ ನಿಜವಾಗಿ ಖಿನ್ನತೆ ಇದೆ ಎಂದುಕೊಳ್ಳಿ. 88 ಮತ್ತು 88ರ ಪ್ರಕಾರ 44 ಮಂದಿ ಸಿಗುತ್ತಾರೆ, 6 ಮಂದಿ ತಪ್ಪಿಹೋಗುತ್ತಾರೆ. ರೋಗ ಇಲ್ಲದ 950ರಲ್ಲಿ 114 ಮಂದಿಯೂ ಗೆರೆ ದಾಟುತ್ತಾರೆ. ಒಟ್ಟು 158 ಮಂದಿ ಪಾಸಿಟಿವ್, ಅವರಲ್ಲಿ ನಿಜವಾದವರು ಶೇ. 28 ಮಾತ್ರ. ಅದೇ 1000 ಜನರಲ್ಲಿ 300 ಮಂದಿಗೆ ಖಿನ್ನತೆ ಇರುವ ಕ್ಲಿನಿಕ್ ಆದರೆ ಪಾಸಿಟಿವ್ 348, ನಿಜವಾದವರು 264, ಅಂದರೆ ಶೇ. 76. ಪ್ರಶ್ನಾವಳಿ ಅದೇ, ಗೆರೆಯೂ ಅದೇ.

ಇದರಿಂದ ಎರಡು ಎಚ್ಚರ. "ಪಾಸಿಟಿವ್" ಎಂದರೆ ಖಿನ್ನತೆ ಎಂದು ರೋಗಿಗೆ ಹೇಳಬೇಡಿ, ಮುಂದಿನ ಸಂದರ್ಶನ ಬೇಕು ಎಂದು ಹೇಳಿ. ಗೆರೆ ದಾಟಿದವರ ಶೇಕಡಾವಾರನ್ನು "ಊರಿನಲ್ಲಿ ಇಷ್ಟು ಜನರಿಗೆ ಖಿನ್ನತೆ" ಎಂದು ಬರೆಯಬೇಡಿ. ಮೇಲಿನ ಉದಾಹರಣೆಯಲ್ಲೇ ಶೇ. 5 ಇದ್ದದ್ದು ಶೇ. 15.8 ಆಗಿ ಕಾಣುತ್ತದೆ. ಇಂಥ ತಪ್ಪು ಅಂಕಿ ಪೇಪರಿನಲ್ಲಿ ಹೆಡ್‌ಲೈನ್ ಆದರೆ ಜನ ಸುಮ್ನೆ ಹೆದರುತ್ತಾರೆ. ಅದು ನನಗೆ ನಿಜವಾಗಿ ಬೇಸರದ ವಿಷಯ.

ನೀವೇ ಕಟ್‌ಆಫ್ ಪರೀಕ್ಷಿಸುವುದಾದರೆ, ಸಂದರ್ಶನ ಮಾಡುವ ಸೈಕಿಯಾಟ್ರಿಸ್ಟ್‌ಗೆ ಸ್ಕೋರ್ ಗೊತ್ತಿರಬಾರದು. ಜಾಸ್ತಿ ಸ್ಕೋರ್ ಬಂದವರನ್ನು ಮಾತ್ರ ಸಂದರ್ಶನಕ್ಕೆ ಕಳಿಸಿದರೆ ಲೆಕ್ಕ ಹಾಳಾಗುತ್ತದೆ. ಎಲ್ಲರನ್ನೂ, ಇಲ್ಲವೇ ಚೀಟಿ ಎತ್ತಿದ ಹಾಗೆ ಆರಿಸಿದ ಒಂದು ಪಾಲನ್ನು ಕಳಿಸಿ. ರೋಗ ಇರುವವರು ಎಷ್ಟು ಮಂದಿ ಸಿಕ್ಕರು ಎನ್ನುವುದು ಒಟ್ಟು ಸಂಖ್ಯೆಗಿಂತ ಮುಖ್ಯ. 10 ಮಂದಿಯಲ್ಲಿ 9 ಮಂದಿಯನ್ನು ಹಿಡಿದರೆ ಶೇ. 90 ಎಂದು ಬರೆಯಬಹುದು. ಆದರೆ ಅದರ ನಿಜವಾದ ವ್ಯಾಪ್ತಿ ಸುಮಾರು ಶೇ. 56ರಿಂದ ಶೇ. 99ಕ್ಕೂ ಮೇಲೆ. ಈ ವ್ಯಾಪ್ತಿ ಬರೆಯದ ವರದಿಯನ್ನು ನಂಬಬೇಡಿ.

ಉಳಿದ ಪರೀಕ್ಷೆಗಳು

ಪ್ರತಿ ಸಲ ಸಂದರ್ಶನ ಮಾಡಿಸಲಿಕ್ಕೆ ಆಗುವುದಿಲ್ಲ. ಆಗ ಊಹೆಗಳನ್ನು ಮೊದಲೇ ಬರೆದಿಟ್ಟು ಪರೀಕ್ಷಿಸಬಹುದು. ಜಿಎಡಿ-7ರ ಜೊತೆ ಸಂಬಂಧ ಗಟ್ಟಿಯಾಗಿರಬೇಕು, ಎತ್ತರದ ಜೊತೆ ಇರಬಾರದು, ಸೈಕಿಯಾಟ್ರಿ ಒಪಿಡಿಯವರ ಸರಾಸರಿ ಕಣ್ಣಿನ ಒಪಿಡಿಯವರಿಗಿಂತ ಜಾಸ್ತಿ ಇರಬೇಕು, ಹೀಗೆ. ಬರೆದಿಟ್ಟದ್ದರಲ್ಲಿ ಶೇ. 75 ಸರಿಯಾದರೆ ಒಳ್ಳೆಯದು. ಡೇಟಾ ನೋಡಿದ ಮೇಲೆ ಊಹೆ ಬರೆಯುವುದು ಮೋಸ.

ಎಷ್ಟು ಮಂದಿ ಅತಿ ಕಡಿಮೆ ಅಥವಾ ಅತಿ ಹೆಚ್ಚು ಸ್ಕೋರಿನಲ್ಲೇ ಸಿಕ್ಕಿಬಿದ್ದಿದ್ದಾರೆ ನೋಡಿ. ಶೇ. 15 ದಾಟಿದರೆ ಯೋಚಿಸಬೇಕು. ಖಿನ್ನತೆ ಹುಡುಕುವಾಗ ಆರೋಗ್ಯವಂತರು 0 ಪಡೆಯುವುದು ಸಹಜ, ಅದನ್ನು ದೋಷ ಎನ್ನಬೇಡಿ. ಮಂಡಿ ಆಪರೇಶನ್ ಆದವರ ಚೇತರಿಕೆ ನೋಡುವಾಗ ಮೊದಲ ತಿಂಗಳೇ ಎಲ್ಲರೂ ಪೂರ್ಣ ಅಂಕ ಪಡೆದರೆ ಮಾತ್ರ ಆ ಪ್ರಶ್ನಾವಳಿಗೆ ಇನ್ನು ಕಾಣುವುದೇನೂ ಇಲ್ಲ.

ಬಿಟ್ಟ ಉತ್ತರಗಳನ್ನು ಪ್ರಶ್ನೆವಾರು ಎಣಿಸಿ. ಒಂದೇ ಪ್ರಶ್ನೆಯನ್ನು ಬಹಳ ಮಂದಿ ಬಿಟ್ಟಿದ್ದರೆ ಆ ಪ್ರಶ್ನೆಯಲ್ಲೇ ಏನೋ ತೊಂದರೆ ಉಂಟು. ಪಿಎಚ್‌ಕ್ಯೂ-9ರಲ್ಲಿ ಒಂದೆರಡು ಬಿಟ್ಟಿದ್ದರೆ ಉಳಿದವುಗಳ ಸರಾಸರಿ ಹಾಕಬಹುದು, ಮೂರು ಬಿಟ್ಟರೆ ಆ ಫಾರ್ಮಿಗೆ ಸ್ಕೋರ್ ಕೊಡಬೇಡಿ. ಕನ್ನಡ ಮತ್ತು ತುಳು ಪ್ರತಿಗಳ ಸ್ಕೋರ್ ಸೇರಿಸಿ ಒಂದೇ ಸರಾಸರಿ ತೆಗೆಯುವ ಮೊದಲು, ಒಂದೇ ಮಟ್ಟದ ಖಿನ್ನತೆಯಲ್ಲಿ ಎರಡೂ ಭಾಷೆಯವರು ಒಂದೇ ರೀತಿ ಉತ್ತರಿಸುತ್ತಾರಾ ಎಂದು ನೋಡಬೇಕು. ಅದಕ್ಕೆ ಪ್ರತಿ ಭಾಷೆಯಲ್ಲೂ ಸುಮಾರು 200 ಜನ ಬೇಕು. ಒಬ್ಬ ವಿದ್ಯಾರ್ಥಿಯ ಕೈಲಿ ಆಗದ ಕೆಲಸ. ಎರಡು ಮೂರು ಕಾಲೇಜಿನವರು ಸೇರಿ ಮಾಡಿದರೆ ಆಗುತ್ತದೆ, ಮಾಡಬೇಕು ಕೂಡ.

ವರದಿಯಲ್ಲಿ ಬರೆಯುವುದು

"ವ್ಯಾಲಿಡೇಟ್ ಆದ ಪ್ರಶ್ನಾವಳಿ" ಎಂಬ ಸಾಲಿನ ಬದಲು ಇಂಥದ್ದನ್ನು ಬರೆಯಿರಿ: "ಪಿಎಚ್‌ಕ್ಯೂ-9ರ ಕನ್ನಡ ಪ್ರತಿಯನ್ನು ಬಳಸಿದ್ದೇವೆ. ತುಳು ಮಾತನಾಡುವವರಿಗೆ ನಾವೇ ತಯಾರಿಸಿದ ತುಳು ಪ್ರತಿಯನ್ನು ಓದಿ ಹೇಳಿದ್ದೇವೆ. ಅರ್ಥವಾಗುತ್ತದಾ ಎಂದು ಇಷ್ಟು ಮಂದಿಯ ಜೊತೆ ಕೂತು ನೋಡಿದ್ದೇವೆ, ನಿದ್ದೆ ಮತ್ತು ಸುಸ್ತಿನ ಪ್ರಶ್ನೆಗಳಲ್ಲಿ ಈ ತೊಂದರೆ ಕಂಡಿದೆ. ನಮ್ಮಲ್ಲಿ ಐಸಿಸಿ ಇಷ್ಟು, ಅಳತೆಯ ದೋಷ ಇಷ್ಟು. ತುಳು ಪ್ರತಿಯ ಕಟ್‌ಆಫನ್ನು ಸಂದರ್ಶನದ ಎದುರು ಪರೀಕ್ಷಿಸಿಲ್ಲ." ಕೊನೆಯ ವಾಕ್ಯ ಬರೆಯಲಿಕ್ಕೆ ಹಿಂಜರಿಯಬೇಡಿ. ಗೈಡ್ ಬೇಡ ಎಂದರೆ ಯಾಕೆ ಬೇಕು ಎಂದು ವಿವರಿಸಿ.

ನಿಜವಾಗಿ ಬಳಸಿದ ಫಾರ್ಮನ್ನೇ, ಎಲ್ಲ ಭಾಷೆಯದ್ದನ್ನೂ, ಅನುಬಂಧದಲ್ಲಿ ಹಾಕಿ. ಯಾರು ಓದಿ ಹೇಳಿದರು, ಎಲ್ಲಿ ಕೂರಿಸಿದರು, ಯಾವ ತಿಂಗಳು ಎಂಬುದನ್ನೂ ಸೇರಿಸಿ. ಮುಂದಿನ ಬ್ಯಾಚಿನವರು ಮತ್ತೆ ಮೊದಲಿನಿಂದ ಅನುವಾದ ಮಾಡುವ ಬದಲು ಅದೇ ಪ್ರತಿಯನ್ನು ತೆಗೆದುಕೊಂಡು, ನೀವು ಬಿಟ್ಟ ಕಟ್‌ಆಫಿನ ಕೆಲಸದಿಂದ ಶುರು ಮಾಡಬಹುದು.